ಕರೆಂಟಿನ ಸಂಪು ಯಾರ ಮನೆಯಲ್ಲಿ?

(ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆದಾರರು ಮತ್ತು ವಾಹನ ನಡೆಸಿ ಬದುಕುವವರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಭಾರಿ ರಾಜಕೀಯ ಭಾಷಣ ಕೇಳಬೇಕೆಂದು ಬಂದವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಈ ಸಂಜೆ ನಾವು ಮಾಡಬೇಕೆಂದಿರುವುದು ಬರೀ ಲೆಕ್ಕ. ಹಿಂದೆ ಮೇಷ್ಟರಾಗಿದ್ದಾಗ ನಾವು ಹುಡುಗರಿಗೆ ನಲ್ಲಿ-ತೊಟ್ಟಿಯ ಲೆಕ್ಕ ಹೇಳಿಕೊಡುತ್ತಿದ್ದೆವು. ಒಂದು ನಲ್ಲಿ ತೊಟ್ಟಿಯನ್ನು ನಾಲ್ಕು ಗಂಟೆಯಲ್ಲಿ ತುಂಬುತ್ತದೆ, ತಳದಲ್ಲಿರುವ ತೂತು ಆರು ಗಂಟೆಯಲ್ಲಿ ಬರಿದು ಮಾಡುತ್ತದೆ, ಎರಡೂ ತೆರೆದಿದ್ದರೆ ತುಂಬುವುದಕ್ಕೆ ಎಷ್ಟು ಹೊತ್ತು? “ತೂತಿರುವ ತೊಟ್ಟೀನ ಯಾರು ತುಂಬಿಸ್ತಾರೆ ಸಾರ್?” ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ್ದ. ಆಗ ನಮಗೆ ಉತ್ತರ ತೋಚಿರಲಿಲ್ಲ. ಈಗ ತೋಚಿದೆ. ಮನೆಯಲ್ಲಿ ಬ್ಯಾಟರಿ ಇಟ್ಟುಕೊಂಡವರೆಲ್ಲರೂ ತುಂಬಿಸುತ್ತಿರುವುದು ಆ ತೊಟ್ಟಿಯನ್ನೇ.

ವಿಷಯ ಹೊಸದಲ್ಲ. ನಮ್ಮ ರಾಜಾಜಿನಗರ, ಬಸವೇಶ್ವರನಗರ, ಕಾಮಾಕ್ಷಿಪಾಳ್ಯಗಳಲ್ಲಿ ಕರೆಂಟು ಹೋಗುವುದೂ ಬರುವುದೂ ಎಲ್ಲರಿಗೂ ಅಭ್ಯಾಸವಾಗಿ, ಮೆಟ್ಟಿಲ ಕೆಳಗೊಂದು ಇನ್ವರ್ಟರು, ಅದರ ಪಕ್ಕದಲ್ಲೊಂದು ಸೀಸದ ಬ್ಯಾಟರಿ ಮನೆಯ ಸಾಮಾನಿನಲ್ಲಿ ಸೇರಿಹೋಗಿವೆ. ಹೊಸದೆಂದರೆ ಈಗ ಬಂದಿರುವ ಮಾತು. ಲಿಥಿಯಂ ಬ್ಯಾಟರಿ ಗೋಡೆಗೆ ತಗುಲಿಹಾಕಿ, ಅಗ್ಗದ ಹೊತ್ತಿನಲ್ಲಿ ಕರೆಂಟು ತುಂಬಿಕೊಳ್ಳಿ, ತುಟ್ಟಿಯ ಹೊತ್ತಿನಲ್ಲಿ ಬಳಸಿ, ವಿದ್ಯುತ್ ವಾಹನದ ವಿಶೇಷ ದರವನ್ನೂ ಪಡೆಯಿರಿ, ನಿಮ್ಮ ಬಿಲ್ಲು ಅರ್ಧವಾಗುತ್ತದೆ ಎನ್ನುತ್ತಾರೆ. ನಮ್ಮ ಪರಿಚಯದ ನಿವೃತ್ತ ಗುಮಾಸ್ತರೊಬ್ಬರು ಈ ಮಾತು ಕೇಳಿ ಲಕ್ಷ ರೂಪಾಯಿಯ ಸಾಲಕ್ಕೆ ಅರ್ಜಿ ಬರೆದಿಟ್ಟುಕೊಂಡು, ಒಮ್ಮೆ ನೋಡಿಕೊಡಿ ಎಂದು ನಮ್ಮಲ್ಲಿಗೆ ಬಂದರು. ಅರ್ಜಿಯ ಬೆನ್ನ ಮೇಲೆಯೇ ಲೆಕ್ಕ ಹಾಕಿದೆವು. ಅದನ್ನೇ ಇಲ್ಲಿ ಹೇಳುತ್ತಿದ್ದೇವೆ.

ಮಾರುವವರ ಮಾತು ಸುಳ್ಳೆ? ಸುಳ್ಳಲ್ಲ, ಆದರೆ ಅದು ಬೇರೆ ಊರಿನ ನಿಜ. ಇಂಗ್ಲೆಂಡಿನಲ್ಲಿ ವಿದ್ಯುತ್ ಕಾರು ಇಟ್ಟುಕೊಂಡವರಿಗೆಂದು ಕೆಲವು ಕಂಪನಿಗಳು ನಡುರಾತ್ರಿಯ ಕೆಲವು ಗಂಟೆಗಳಿಗೆ ಬೇರೆಯೇ ದರ ಕೊಡುತ್ತವೆ. ಹಗಲು ಯೂನಿಟ್ಟಿಗೆ 25 ಪೆನ್ನಿಯ ಮೇಲಿದ್ದರೆ ರಾತ್ರಿ 7-8 ಪೆನ್ನಿ. 2025ರಲ್ಲಿ ಹೀಗೆ ಇತ್ತು. ಅಂದರೆ ಒಂದು ಯೂನಿಟ್ಟನ್ನು ರಾತ್ರಿ ಹಿಡಿದಿಟ್ಟು ಹಗಲು ಬಳಸಿದರೆ ನಮ್ಮ ಹಣದಲ್ಲಿ ಸುಮಾರು 20 ರೂಪಾಯಿ ಉಳಿಯಿತು. ಐದು ಯೂನಿಟ್ಟು ಹಿಡಿಯುವ ಬ್ಯಾಟರಿ ದಿನಕ್ಕೆ 100 ರೂಪಾಯಿ, ವರ್ಷಕ್ಕೆ 36,000 ರೂಪಾಯಿ ಗಳಿಸುತ್ತದೆ. ಮೂರು ನಾಲ್ಕು ವರ್ಷದಲ್ಲಿ ಹಾಕಿದ ದುಡ್ಡು ಬಂತು. ಆಸ್ಟ್ರೇಲಿಯಾದಲ್ಲಿ 2025ರ ಜುಲೈಯಿಂದ ಮನೆ ಬ್ಯಾಟರಿಗೆ ಅಲ್ಲಿನ ಸರ್ಕಾರವೇ ಬೆಲೆಯಲ್ಲಿ ಸುಮಾರು ನೂರಕ್ಕೆ ಮೂವತ್ತರಷ್ಟು ಕಡಿತ ಕೊಡುತ್ತಿದೆ. ಅಂಥ ಕಡೆ ಜನ ಬ್ಯಾಟರಿ ಕೊಂಡರೆ ಅದು ಬುದ್ಧಿವಂತಿಕೆ.

ಈಗ ನಿಮ್ಮ 2025-26ರ ಬಿಲ್ಲು ತೆಗೆದು ನೋಡಿ. 2025ರ ಏಪ್ರಿಲಿನಿಂದ ಜಾರಿಗೆ ಬಂದ ದರದಂತೆ ಮನೆಯ ಬಳಕೆಗೆ ಯೂನಿಟ್ಟಿಗೆ 5 ರೂ. 80 ಪೈಸೆ ಇತ್ತು. ಬೆಳಿಗ್ಗೆಗೂ ಅದೇ, ಮಟಮಟ ಮಧ್ಯಾಹ್ನಕ್ಕೂ ಅದೇ, ನಡುರಾತ್ರಿಗೂ ಅದೇ. ಇದರ ಮೇಲೆ ಆ ವರ್ಷ ಕಿಲೋವ್ಯಾಟಿಗೆ 145 ರೂಪಾಯಿ ನಿಗದಿತ ಶುಲ್ಕ, ನೌಕರರ ಪಿಂಚಣಿ ಮತ್ತು ಗ್ರಾಚ್ಯುಯಿಟಿಯ ಬಾಬ್ತು ಯೂನಿಟ್ಟಿಗೆ 36 ಪೈಸೆ, ನೂರಕ್ಕೆ ಒಂಬತ್ತರಂತೆ ತೆರಿಗೆ ಇದ್ದವು. ಗಡಿಯಾರಕ್ಕೆ ಇದರಲ್ಲಿ ಎಲ್ಲೂ ಜಾಗವಿರಲಿಲ್ಲ. 5 ರೂ. 80 ಪೈಸೆಗೆ ತುಂಬಿಕೊಂಡು 5 ರೂ. 80 ಪೈಸೆಯದನ್ನು ಉಳಿಸಿದರೆ ಲಾಭವೆಷ್ಟು? ಸೊನ್ನೆ. ಸೊನ್ನೆಯಾದರೂ ಆದೀತೆ? ಅದೂ ಇಲ್ಲ, ಏಕೆಂದರೆ ತೊಟ್ಟಿಗೆ ತೂತಿದೆ. ಲಿಥಿಯಂ ಬ್ಯಾಟರಿಯಾದರೆ ಹತ್ತು ಯೂನಿಟ್ಟು ಹಾಕಿ ಒಂಬತ್ತು ತೆಗೆಯಬಹುದು. ಹಳೆಯ ಸೀಸದ ಬ್ಯಾಟರಿಯಾದರೆ ಏಳು ಎಂಟು ಬಂದರೆ ಹೆಚ್ಚು. ಲಕ್ಷ ರೂಪಾಯಿ ಹಾಕಿ ವರ್ಷವರ್ಷವೂ ನಷ್ಟ ಮಾಡಿಕೊಳ್ಳುವ ವ್ಯಾಪಾರವಿದು. ಗುಮಾಸ್ತರು ಅರ್ಜಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಇನ್ವರ್ಟರಿನ ಮಾತು ಬಂದಿದ್ದರಿಂದ ಒಂದು ಸಣ್ಣ ಸಂಗತಿ. ಹನ್ನೆರಡು ವೋಲ್ಟಿನ 150 ಆಂಪಿಯರ್-ಗಂಟೆಯ ಬ್ಯಾಟರಿ ಹಿಡಿಯುವುದು ಎರಡು ಯೂನಿಟ್ಟಿಗೂ ಕಡಿಮೆ. ಆದರೆ ಅದನ್ನು ತುಂಬಿಯೇ ಇಡಬೇಕೆಂದು ಇನ್ವರ್ಟರು ಹಗಲಿರುಳೂ ಎಳೆಯುವ 15 ವ್ಯಾಟು ತಿಂಗಳಿಗೆ 10 ಯೂನಿಟ್ಟಾಗುತ್ತದೆ. ಕರೆಂಟು ಹೋಗಲಿ ಬಿಡಲಿ, ಆ 10 ಯೂನಿಟ್ಟು ಹೋಗಿಯೇ ತೀರುತ್ತದೆ. ಓದುವ ಮಕ್ಕಳಿರುವ ಮನೆಯಲ್ಲಿ, ಆಮ್ಲಜನಕದ ಯಂತ್ರವಿರುವ ರೋಗಿಯ ಮನೆಯಲ್ಲಿ ಇದು ತೆರಬೇಕಾದ ಬೆಲೆಯೇ ಸರಿ. ಊರಿಗೆ ಹೋಗುವಾಗ ಬೀಗ ಹಾಕಿ ಇನ್ವರ್ಟರು ಉರಿಸಿಟ್ಟು ಹೋಗುವವರು ಮಾತ್ರ ಒಮ್ಮೆ ಯೋಚಿಸಬೇಕು.

ಇನ್ನೂರರ ಗೆರೆ

ಈಗ ನಿಜವಾಗಿ ನೋಯುವ ಜಾಗಕ್ಕೆ ಬರೋಣ. ಇಲ್ಲಿ ಕುಳಿತಿರುವವರಲ್ಲಿ ಬಹಳ ಮಂದಿ ಗೃಹಜ್ಯೋತಿಯವರು. 2023ರ ಜುಲೈಯಿಂದ ಬಂದ ಈ ಯೋಜನೆಯಲ್ಲಿ, ಹಿಂದಿನ ವರ್ಷ ನೀವು ಸರಾಸರಿ ಎಷ್ಟು ಬಳಸಿದ್ದಿರೋ ಅದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿ, ಅಷ್ಟು ಯೂನಿಟ್ಟು ಉಚಿತ. ತೀರ ಕಡಿಮೆ ಬಳಸುವವರಿಗೆ ಹತ್ತರಷ್ಟು ಶೇಕಡಾವಾರು ಬದಲು ಹತ್ತು ಯೂನಿಟ್ಟನ್ನೇ ಸೇರಿಸಬೇಕೆಂದು 2024ರ ಜನವರಿಯಲ್ಲಿ ತೀರ್ಮಾನವಾಯಿತು. ಉಚಿತದ ಮೇಲೆ ಸ್ವಲ್ಪ ಹೆಚ್ಚು ಬಳಸಿದರೆ ಹೆಚ್ಚಿನದಕ್ಕೆ ಮಾತ್ರ ಹಣ. ಆದರೆ 200 ಯೂನಿಟ್ಟು ದಾಟಿತೆಂದರೆ ಪೂರ್ತಿ ಬಿಲ್ಲು ಕಟ್ಟಬೇಕು. ಯೋಜನೆ ಬಂದಾಗ ಬಡವನ ಮನೆಯಲ್ಲಿ 200 ಯೂನಿಟ್ಟು ಎಲ್ಲಿ ದಾಟೀತು ಎಂದು ನಾವೂ ಅಂದುಕೊಂಡಿದ್ದೆವು. ವಿದ್ಯುತ್ ಸ್ಕೂಟರು ಬಂದು ನಮ್ಮ ಎಣಿಕೆಯನ್ನು ತಪ್ಪಿಸಿತು.

ಊಟ ಮುಟ್ಟಿಸುವ ಕೆಲಸದ ಹುಡುಗನೊಬ್ಬನ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಪ್ಪ, ಅಮ್ಮ, ತಂಗಿ, ಅವನು. ಹಳೆಯ ಫ್ರಿಜ್ಜು, ಗೀಸರು, ಟಿ.ವಿ. ತಿಂಗಳಿಗೆ 175 ಯೂನಿಟ್ಟು ಬಳಕೆ, 180 ಯೂನಿಟ್ಟಿನ ಅರ್ಹತೆ. ಬಿಲ್ಲು ಸೊನ್ನೆ. ಹುಡುಗ ಕಂತಿನ ಮೇಲೆ ವಿದ್ಯುತ್ ಸ್ಕೂಟರು ಕೊಂಡ. ದಿನಕ್ಕೆ 30-35 ಕಿಲೋಮೀಟರು ಓಡಿಸಿದರೆ ನಷ್ಟವೂ ಸೇರಿ ತಿಂಗಳಿಗೆ 30 ಯೂನಿಟ್ಟು ಬೇಕು. ಪೆಟ್ರೋಲಿನ ಬೈಕಾಗಿದ್ದರೆ ತಿಂಗಳಿಗೆ 20 ಲೀಟರು. ಲೀಟರಿಗೆ ನೂರರ ಮೇಲಾಗಿರುವಾಗ 2,000 ರೂಪಾಯಿ. ಅದೆಲ್ಲ ಉಳಿಯಿತೆಂದು ಅವನ ಸಂತೋಷ. ತಿಂಗಳ ಕೊನೆಗೆ ಮನೆಯ ಮೀಟರು 205 ತೋರಿಸಿತು. 205 ಯೂನಿಟ್ಟಿಗೆ 5-80ರಂತೆ 1,189 ರೂಪಾಯಿ. ಮೂರು ಕಿಲೋವ್ಯಾಟು ಮಂಜೂರಾತಿಗೆ 435. ಪಿಂಚಣಿಯ ಬಾಬ್ತು 74. ತೆರಿಗೆ 107. ಒಟ್ಟು 1,800 ರೂಪಾಯಿಯ ಮೇಲೆ. ಪೆಟ್ರೋಲಿನಲ್ಲಿ ಉಳಿದ ಎರಡು ಸಾವಿರದಲ್ಲಿ ಇನ್ನೂರೂ ಕೈಯಲ್ಲಿ ನಿಲ್ಲಲಿಲ್ಲ. ಅದೇ ಮೀಟರು 199ರಲ್ಲಿ ನಿಂತಿದ್ದರೆ? ಹೆಚ್ಚಿನ 19 ಯೂನಿಟ್ಟಿಗೆ ತೆರಿಗೆ ಸೇರಿ ನೂರಿಪ್ಪತ್ತೋ ನೂರಮೂವತ್ತೋ ಆಗುತ್ತಿತ್ತು. ನಡುವಿನ ಆರು ಯೂನಿಟ್ಟಿನ ಬೆಲೆ ಸಾವಿರದ ಆರುನೂರರ ಮೇಲೆ! ಇಷ್ಟು ದುಬಾರಿ ಕರೆಂಟನ್ನು ಇಂಗ್ಲೆಂಡಿನ ಯಾವ ಕಂಪನಿಯೂ ಮಾರುವುದಿಲ್ಲ.

ಯೋಜನೆಯನ್ನೇ ಹೀಗಳೆಯುವವರ ಸಾಲಿಗೆ ನಮ್ಮನ್ನು ಸೇರಿಸಬೇಡಿ. ಈ ಉಚಿತ ಯೂನಿಟ್ಟಿನಿಂದ ಬಾಡಿಗೆಮನೆಯ ತಾಯಂದಿರ ಕೈಯಲ್ಲಿ ನಾಲ್ಕು ಕಾಸು ನಿಂತಿದೆ ಎಂಬುದನ್ನು ಬೀದಿಬೀದಿ ತಿರುಗಿ ಕಂಡಿದ್ದೇವೆ. ನಾವು ಕೇಳುವುದಿಷ್ಟೆ: ಗೆರೆಯ ಆಚೆ ಕಾಲಿಟ್ಟವನನ್ನು ಪ್ರಪಾತಕ್ಕೆ ನೂಕುವ ಬದಲು ಮೆಟ್ಟಿಲು ಕಟ್ಟಬಾರದೆ? ಹೊಟ್ಟೆಪಾಡಿಗೆ ಓಡುವ ಎರಡು ಚಕ್ರದ, ಮೂರು ಚಕ್ರದ ವಾಹನಕ್ಕೆ ತಗುಲುವ ಮೂವತ್ತು ಯೂನಿಟ್ಟನ್ನು ಲೆಕ್ಕದಿಂದ ಬೇರೆ ತೆಗೆಯಬಾರದೆ?

“ಬೇರೆ ತೆಗೆಯಲು ದಾರಿ ಇದೆಯಲ್ಲ, ಪ್ರತ್ಯೇಕ ಮೀಟರು ಹಾಕಿಸಿಕೊಳ್ಳಿ” ಎಂದು ತಿಳಿದವರು ಹೇಳುತ್ತಾರೆ. ಇದನ್ನೂ ನೋಡೋಣ. ವಿದ್ಯುತ್ ವಾಹನ ತುಂಬಿಸುವುದಕ್ಕೆ ನಮ್ಮ ರಾಜ್ಯದಲ್ಲಿ ಬೇರೆ ದರ ಇದೆ. 2024-25ರ ಪಟ್ಟಿಯಲ್ಲಿ ಮನೆಗೆ 5 ರೂ. 90 ಪೈಸೆ ಇದ್ದಾಗ ವಾಹನಕ್ಕೆ 4 ರೂ. 50 ಪೈಸೆ ಇತ್ತು. ಯೂನಿಟ್ಟಿಗೆ 1 ರೂ. 40 ಪೈಸೆಯ ವ್ಯತ್ಯಾಸ. ಸ್ಕೂಟರಿನ ಹುಡುಗನಿಗೆ 30 ಯೂನಿಟ್ಟಿನ ಮೇಲೆ ಉಳಿಯುವುದು 42 ರೂಪಾಯಿ. ಹೊಸ ಸಂಪರ್ಕಕ್ಕೆ ಬೇರೆ ನಿಗದಿತ ಶುಲ್ಕ, ಅದು ಈ 42 ರೂಪಾಯಿಯನ್ನು ನುಂಗಿ ನೀರು ಕುಡಿಯುತ್ತದೆ. ಮೀಟರಿನದು ಇನ್ನೊಂದು ಕಥೆ. 2025ರಿಂದ ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರನ್ನೇ ಹಾಕಿಸಬೇಕೆಂದು ಬೆಸ್ಕಾಂನವರು ನಿಯಮ ಮಾಡಿದಾಗ, ಸಾವಿರ ರೂಪಾಯಿಯೊಳಗೆ ಸಿಗುತ್ತಿದ್ದ ಒಂದು ಫೇಸಿನ ಮೀಟರಿನ ಜಾಗದಲ್ಲಿ ಸುಮಾರು 5,000 ರೂಪಾಯಿಯದು ಬಂತು, ಹಣ ಬಳಕೆದಾರನದೇ. ಊರೆಲ್ಲ ಗದ್ದಲವಾದದ್ದು ನಿಮಗೆ ನೆನಪಿರಬೇಕು.

ಕಾರಿನವರ ಮಾತು ಬೇರೆ. ತಿಂಗಳಿಗೆ ಸಾವಿರ ಕಿಲೋಮೀಟರು ಓಡುವ ಸಣ್ಣ ವಿದ್ಯುತ್ ಕಾರಿಗೆ 150 ಯೂನಿಟ್ಟು ಹಿಡಿಯುತ್ತದೆ. ಅಂಥವರಿಗೆ ಪ್ರತ್ಯೇಕ ಮೀಟರಿನಿಂದ ಉಳಿತಾಯ ದರದಲ್ಲಿ ಕಾಣುವುದು ಅಷ್ಟಕ್ಕಷ್ಟೆ. ಮನೆಯ ಮೀಟರು ಇನ್ನೂರರ ಒಳಗೆ ಉಳಿಯಿತೆಂಬುದೇ ಅವರ ನಿಜವಾದ ಗಳಿಕೆ. ಹೀಗಾಗಿ ನೋಡಿ, ಸ್ವಂತ ಮನೆ, ಸ್ವಂತ ಗೇಟು, ಸ್ವಂತ ಕಾರು ಇರುವವನಿಗೆ ಎರಡು ಮೀಟರು ಹಾಕಿಸಿಕೊಂಡು ಎರಡೂ ಸವಲತ್ತು ಪಡೆಯುವ ದಾರಿ ತೆರೆದಿದೆ. ಮೂರನೆಯ ಮಹಡಿಯ ಬಾಡಿಗೆ ಕೋಣೆಯ ಹುಡುಗನಿಗೆ ಇಲ್ಲ. ಕಾನೂನು ಇಬ್ಬರಿಗೂ ಒಂದೇ.

ಆ ಹುಡುಗನ ಪಾಡನ್ನು ಇನ್ನೂ ಸ್ವಲ್ಪ ಕೇಳಿ. ಇಪ್ಪತ್ತು-ಮೂವತ್ತರ ನಿವೇಶನದ ಮೇಲೆ ಎದ್ದಿರುವ ನಾಲ್ಕಂತಸ್ತಿನ ಮನೆ. ಕೆಳಗೆ ಮಾಲೀಕರ ವಾಹನಕ್ಕೆ ಮಾತ್ರ ಜಾಗ. ಇವನ ಸ್ಕೂಟರು ಬೀದಿಯಲ್ಲಿ. ಮೂರನೆಯ ಮಹಡಿಯ ಕಿಟಕಿಯಿಂದ ವಯರು ಇಳಿಬಿಟ್ಟು ತುಂಬಿಸಲು ಹೋದರೆ ಮಾಲೀಕರು ಬೆಂಕಿಯ ಭಯ ಹೇಳುತ್ತಾರೆ. ಆ ಭಯ ಸುಳ್ಳೆಂದು ನಾವು ಹೇಳಲಾರೆವು. ಅಗ್ಗದ ವಯರು, ಮಳೆ, ಸಡಿಲ ಪ್ಲಗ್ಗು ಸೇರಿದರೆ ಅನಾಹುತವಾಗದೆ ಇರದು. ಕೆಲವರು ಬೇರೆ ಪ್ಲಗ್ಗು ಹಾಕಿಸಿಕೊಡುತ್ತಾರೆ, ಆದರೆ ಯೂನಿಟ್ಟಿಗೆ 10 ರೂಪಾಯಿ ವಸೂಲು. ಮನೆಯಲ್ಲಿ ವಾಹನ ತುಂಬಿಸುವುದಕ್ಕೆ ಮನೆಯ ದರವೇ ಅನ್ವಯ ಎಂದು ಕೇಂದ್ರ ಸರ್ಕಾರದ ಮಾರ್ಗಸೂಚಿಯೇ 2018ರಿಂದ ಹೇಳುತ್ತಿದೆ. ಅದನ್ನು ನಾವು ಒಬ್ಬ ಮಾಲೀಕರಿಗೆ ಓದಿ ಹೇಳಿದೆವು. ಕೇಳಿದರು, ಕಾಫಿ ಕೊಟ್ಟರು, “ಮಾರ್ಗಸೂಚಿಯವರೇ ಬಂದು ಇರಲಿ ಈ ಮನೆಯಲ್ಲಿ” ಎಂದರು.

ನಡುಹಗಲಿನ ಕರೆಂಟು

ಹಾಗಾದರೆ ಹೊತ್ತಿಗೊಂದು ದರ ಬೇಕೆ ಬೇಡವೆ? ಇಲ್ಲಿ ನಮ್ಮ ಗೆಳೆಯರಲ್ಲೇ ಎರಡು ಅಭಿಪ್ರಾಯ ಇದೆ. ಬೇಡ, ಸಂಜೆ ಆರು ಗಂಟೆಗೆ ಕೆಲಸದಿಂದ ಬಂದು ಒಲೆ ಹೊತ್ತಿಸುವ, ದೀಪ ಹಾಕುವ ಬಡವರಿಗೇ ತುಟ್ಟಿಯ ಹೊತ್ತು ಬಂದು ಬೀಳುತ್ತದೆ ಎನ್ನುವವರಿದ್ದಾರೆ. ಅವರ ಅಂಜಿಕೆ ನಿಜವಾದದ್ದು. 2023ರ ಜೂನ್‌ನಲ್ಲಿ ಕೇಂದ್ರದವರು ತಿದ್ದಿದ ಬಳಕೆದಾರರ ಹಕ್ಕಿನ ನಿಯಮದಲ್ಲಿ, ಬಿಸಿಲಿನ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ನೂರಕ್ಕೆ ಇಪ್ಪತ್ತಾದರೂ ಕಡಿಮೆ, ಒತ್ತಡದ ಹೊತ್ತಿನದು ಮನೆಗಳಿಗೆ ನೂರಕ್ಕೆ ಹತ್ತಾದರೂ ಹೆಚ್ಚು ಇರಬೇಕೆಂದು ಇದೆ. ಕೃಷಿ ಬಿಟ್ಟು ಎಲ್ಲರಿಗೂ 2025ರ ಏಪ್ರಿಲಿನಿಂದ ಎಂದು ಬರೆದಿದ್ದರೂ, 2025-26ರ ನಮ್ಮ ಮನೆಯ ದರ ಒಂದೇ ಆಗಿ ನಿಂತಿತು. ದೊಡ್ಡ ಕಾರ್ಖಾನೆಗಳಿಗಾದರೋ ಹೊತ್ತಿನ ದರ ಹಳೆಯ ನೆಂಟ. ಸಂಜೆ ಆರರಿಂದ ಹತ್ತರವರೆಗೆ ಯೂನಿಟ್ಟಿಗೆ ಒಂದು ರೂಪಾಯಿ ಹೆಚ್ಚು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಒಂದು ರೂಪಾಯಿ ಕಡಿಮೆ ಎಂಬ ಪದ್ಧತಿ ಅವುಗಳಿಗೆ ಹಲವು ವರ್ಷ ನಡೆಯಿತು. ಅಷ್ಟೇ ವ್ಯತ್ಯಾಸವನ್ನು ಮನೆಗೆ ಕೊಟ್ಟರೂ, ಐದು ಯೂನಿಟ್ಟಿನ ಬ್ಯಾಟರಿ ದಿನಕ್ಕೆ 10 ರೂಪಾಯಿ, ವರ್ಷಕ್ಕೆ 3,650 ಉಳಿಸೀತು. ಲಕ್ಷ ರೂಪಾಯಿ ತೀರಲು 27 ವರ್ಷ. ಅಷ್ಟು ಕಾಲ ಬಾಳುವ ಬ್ಯಾಟರಿಯನ್ನು ನಾವು ಕಂಡಿಲ್ಲ.

ಇನ್ನೊಂದು ಸಂಗತಿ ಗಮನಿಸಬೇಕು. ಇಂಗ್ಲೆಂಡಿನಲ್ಲಿ ಅಗ್ಗದ ಹೊತ್ತು ನಡುರಾತ್ರಿ. ನಮ್ಮಲ್ಲಿ ಅದು ನಡುಹಗಲು ಆಗುತ್ತಿದೆ. ಪಾವಗಡವೇ ಕಾರಣ. ತುಮಕೂರು ಜಿಲ್ಲೆಯ ಆ ಬರದ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳಲ್ಲಿ ರೈತರಿಂದ ಸುಮಾರು 13,000 ಎಕರೆ ಗುತ್ತಿಗೆ ಹಿಡಿದು 2,050 ಮೆಗಾವ್ಯಾಟಿನ ಸೌರ ವಿದ್ಯುತ್ತಿನ ಹೊಲ ಮಾಡಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ಜಮೀನಿದ್ದವನಿಗೆ ಮನೆ ಬಾಗಿಲಿಗೆ ಹಣ ಬಂತು. ಅದೇ ಜಮೀನಿನಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಕೂಲಿಯವನಿಗೆ ಕೆಲಸ ಹೋಯಿತು. ಇದನ್ನು ಓದುವ ಪಾವಗಡದ ಕಡೆಯ ಗೆಳೆಯರಿಗೆ ನಾವು ಹೆಚ್ಚು ಹೇಳಬೇಕಿಲ್ಲ. ಅಲ್ಲಿನ ಬಿಸಿಲು ನಡುಹಗಲು ತಂತಿ ತುಂಬ ಹರಿದು ಬರುತ್ತದೆ, ಸಂಜೆ ಆರಕ್ಕೆ ನಿಂತುಹೋಗುತ್ತದೆ. ಬೆಂಗಳೂರಿಗೆ ಕರೆಂಟು ಬೇಕಾಗುವುದೋ ದೀಪ ಹೊತ್ತಿಸುವ ಹೊತ್ತಿಗೆ. 2025ರ ಬೇಸಗೆಯಲ್ಲಿ ರಾಜ್ಯದ ಬೇಡಿಕೆ 18,000 ಮೆಗಾವ್ಯಾಟು ದಾಟಿತು. ಆದ್ದರಿಂದ ಹಗಲಿನದನ್ನು ಸಂಜೆಗೆ ಹಿಡಿದಿಡಬೇಕು ಎಂಬುದರಲ್ಲಿ ವಿವಾದವಿಲ್ಲ. ಎಲ್ಲಿ ಹಿಡಿದಿಡುವುದು, ಯಾರ ಖರ್ಚಿನಲ್ಲಿ, ಯಾರ ಲಾಭಕ್ಕೆ ಎನ್ನುವುದರಲ್ಲಿದೆ ವಿವಾದ.

ಸರ್ಕಾರದವರು ಇದಕ್ಕೆ ಶರಾವತಿಯತ್ತ ಕೈ ತೋರಿಸುತ್ತಾರೆ. ತಳಕಳಲೆ ಮೇಲೆ, ಗೇರುಸೊಪ್ಪೆ ಕೆಳಗೆ. ಕರೆಂಟು ಹೆಚ್ಚಿರುವಾಗ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಟ್ಟು 2,000 ಮೆಗಾವ್ಯಾಟು ತೆಗೆಯುವ ಯೋಜನೆ. ಇದೂ ಒಂದು ಬ್ಯಾಟರಿಯೇ, ಬೆಟ್ಟದಷ್ಟು ದೊಡ್ಡದು. ಸಿಂಗಳೀಕಗಳಿರುವ ಕಾಡಿನ ಒಳಗೆ ಸುರಂಗ ಕೊರೆಯಬೇಕು. 2025ರಲ್ಲಿ ಸಾರ್ವಜನಿಕ ಅಹವಾಲು ನಡೆದಾಗ ಆ ಕಡೆಯ ಜನ ಗುಂಪುಗುಂಪಾಗಿ ಬಂದು ಬೇಡವೆಂದರು. ಲಿಂಗನಮಕ್ಕಿಯಲ್ಲಿ 1964ರಲ್ಲಿ ನೀರು ನಿಂತಾಗ ಮನೆ ಹೊಲ ಬಿಟ್ಟು ಎದ್ದವರ ಮಕ್ಕಳು, ಮೊಮ್ಮಕ್ಕಳು ಅರವತ್ತು ವರ್ಷ ಕಳೆದರೂ ಹಕ್ಕುಪತ್ರಕ್ಕೆ ಅಲೆಯುತ್ತಿರುವಾಗ ಬೇಡವೆನ್ನದೆ ಇನ್ನೇನೆನ್ನುತ್ತಾರೆ? ಬೆಂಗಳೂರಿನ ದೀಪಕ್ಕೆ ಬೇರೆಯವರ ಊರು ಎಣ್ಣೆ ಎರೆಯುವುದು ನೂರು ವರ್ಷಕ್ಕೂ ಹಿಂದಿನ ಪದ್ಧತಿ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ತೊಂಬತ್ತೆರಡು ಮೈಲಿ ತಂತಿಯ ಮೇಲೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು.

ಹಾಗಾದರೆ ಮನೆಮನೆಗೂ ಬ್ಯಾಟರಿ ಹಾಕಿದರೆ ಶರಾವತಿ ಉಳಿಯುತ್ತದೆಯೆ? ಹೀಗೆ ಕೇಳುವವರ ಮನಸ್ಸು ಒಳ್ಳೆಯದು. ಆದರೆ ನಮ್ಮ ಸಂಪಿನ ಅನುಭವ ನೆನಪಿಸಿಕೊಳ್ಳಿ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಲ್ಲಿ ಏನಾಯಿತು? ಸಂಪು ಕಟ್ಟಿಸಿಕೊಂಡವನು ನೀರು ಬಂದ ಹೊತ್ತಿಗೆ ಮೋಟರು ಹಾಕಿ ಹತ್ತು ಸಾವಿರ ಲೀಟರು ಎಳೆದುಕೊಂಡ. ಸಂಪಿಲ್ಲದವರು ಕೊಡ ಹಿಡಿದು ನಿಂತರು, ಅವರ ನಲ್ಲಿಗೆ ಗಾಳಿ ಬಂತು. ಸಂಪು ನೀರನ್ನು ಹೆಚ್ಚಿಸಲಿಲ್ಲ, ಅದು ಯಾರ ಮನೆಯಲ್ಲಿ ನಿಲ್ಲಬೇಕೆಂಬುದನ್ನು ತೀರ್ಮಾನಿಸಿತು. ನಾಳೆ ಹೊತ್ತಿನ ದರ ಬಂದು ಬ್ಯಾಟರಿ ಮಾತ್ರ ಉಳ್ಳವರ ಮನೆಯಲ್ಲಿದ್ದರೆ, ನಡುಹಗಲಿನ ಅಗ್ಗದ ಕರೆಂಟು ಅವರ ಗೋಡೆಗೆ ಸೇರುತ್ತದೆ, ಸಂಜೆಯ ತುಟ್ಟಿಯ ಕರೆಂಟು ಬಾಡಿಗೆಮನೆಯ ಒಲೆಗೆ ಬರುತ್ತದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲೂ ನಾವು ಇದನ್ನೇ ಕಂಡಿದ್ದೇವೆ. ಮೂರು ಕಿಲೋವ್ಯಾಟಿನ ಸೌರಫಲಕಕ್ಕೆ 78,000 ರೂಪಾಯಿ ಸಹಾಯಧನ ನಿಜ, ಒಳ್ಳೆಯದೂ ನಿಜ. ಆದರೆ ತಾರಸಿ ಇದ್ದವನಿಗೆ. ಬಾಡಿಗೆದಾರನಿಗೆ ತಾರಸಿಯ ಮೇಲೆ ಬಟ್ಟೆ ಒಣಹಾಕುವ ಹಕ್ಕೂ ವಾರಕ್ಕೆರಡು ದಿನ.

ಬೇರೆ ದಾರಿಯೂ ಇದೆ. ದೆಹಲಿಯ ಕಿಲೋಕರಿ ಎಂಬಲ್ಲಿ 2025ರಲ್ಲಿ ವಿದ್ಯುತ್ ಉಪಕೇಂದ್ರದ ಅಂಗಳದಲ್ಲೇ ಒಂದು ಬ್ಯಾಟರಿ ನಿಲ್ಲಿಸಿದ್ದಾರೆ. 20 ಮೆಗಾವ್ಯಾಟಿನಂತೆ ಎರಡು ಗಂಟೆ ಕೊಡಬಲ್ಲದು. ಅಂದರೆ 40,000 ಯೂನಿಟ್ಟು. ನಮ್ಮ ಗುಮಾಸ್ತರು ಕೊಳ್ಳಹೊರಟಿದ್ದಂಥ ಐದು ಯೂನಿಟ್ಟಿನ ಬ್ಯಾಟರಿ ಎಂಟು ಸಾವಿರ ಮನೆಗಳಲ್ಲಿ ಇಟ್ಟಷ್ಟು. ಒಂದೇ ಕಡೆ, ಒಂದೇ ಕಾವಲು, ಒಂದೇ ಬೆಂಕಿಯ ಎಚ್ಚರಿಕೆ. ಅದರ ಉಳಿತಾಯ ತಾರಸಿ ಇದ್ದವನಿಗೂ ಇಲ್ಲದವನಿಗೂ ಒಂದೇ ದರಪಟ್ಟಿಯಲ್ಲಿ ಹಂಚಿಹೋಗಬೇಕು. ರಾಜಾಜಿನಗರ, ವಿಜಯನಗರ, ಕೆಂಗೇರಿಯ ಉಪಕೇಂದ್ರಗಳಲ್ಲಿ ಇಂಥದು ಏಕಾಗಬಾರದು? ಮನೆಗೊಂದು ಸಂಪು ಬೇಡ, ಬಡಾವಣೆಗೊಂದು ನೀರಿನ ಟ್ಯಾಂಕು ಎಂದು ಕೇಳಿದ ಹಾಗೆ. ಅದನ್ನು ಖಾಸಗಿಯವರ ಕೈಗೆ ಕೊಟ್ಟು ಬಾಡಿಗೆಯನ್ನು ನಮ್ಮ ಬಿಲ್ಲಿಗೆ ಹಾಕುವ ಉಪಾಯ ಮಾಡದಂತೆ ಕಣ್ಣಿಟ್ಟಿರಬೇಕು ಎಂಬುದು ಬೇರೆ ಮಾತು.

ವಾಹನದಲ್ಲೂ ಹೀಗೆಯೆ. 2021ರ ಡಿಸೆಂಬರಿನಲ್ಲಿ ಬಿ.ಎಂ.ಟಿ.ಸಿ. ಮೊದಲ ವಿದ್ಯುತ್ ಬಸ್ಸುಗಳನ್ನು ಇಳಿಸಿದಾಗ ಕೆಂಗೇರಿಯ ಡಿಪೋ ಅವುಗಳ ನೆಲೆಗಳಲ್ಲಿ ಒಂದಾಯಿತು. ಮೆಟ್ರೋ ನಿಲ್ದಾಣಕ್ಕೆ ಜನರನ್ನು ತಲುಪಿಸುವ ಆ ಬಸ್ಸಿನಲ್ಲಿ ಕುಳಿತವನಿಗೆ ಯಾವ ಮೀಟರಿನ ಚಿಂತೆಯೂ ಇಲ್ಲ. ಇನ್ನು ಸಾರ್ವಜನಿಕವಾಗಿ ವಾಹನ ತುಂಬಿಸುವ ಕೇಂದ್ರಗಳ ವಿಷಯ. 2024ರ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಈ ಕೇಂದ್ರಗಳಿಗೆ ಕರೆಂಟು ಸರಬರಾಜಿನ ಸರಾಸರಿ ವೆಚ್ಚದ ನೂರಕ್ಕೆ ಎಪ್ಪತ್ತಕ್ಕೆ, ಉಳಿದ ಹೊತ್ತಿನಲ್ಲಿ ನೂರಮೂವತ್ತಕ್ಕೆ ಸಿಗಬೇಕು. ಊಟ ಮುಟ್ಟಿಸುವ ಹುಡುಗ ನಡುಹಗಲು ಬೀದಿಯಲ್ಲೇ ಇರುತ್ತಾನೆ. ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದನ್ನು ತೆಗೆದುಕೊಳ್ಳುವ ಅಂಗಡಿಗೂ ಹೋಗುತ್ತಾನೆ. ಅಂಗಡಿಯವನಿಗೆ ಹಗಲು ಅಗ್ಗವಾಗಿ ಸಿಕ್ಕಿದ ಕರೆಂಟು ಹುಡುಗನಿಗೂ ಅಗ್ಗವಾಯಿತೆ? ಕೇಂದ್ರದ ಬಾಗಿಲಲ್ಲಿ, ಕೊಂಡ ದರ ಇಷ್ಟು, ಮಾರುವ ದರ ಇಷ್ಟು ಎಂದು ಕನ್ನಡದಲ್ಲಿ ಬರೆದು ಹಾಕಲಿ. ಪಡಿತರದ ಅಂಗಡಿಗೆ ಇರುವ ನಿಯಮ ಇದಕ್ಕೇಕೆ ಬೇಡ?

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದದ್ದನ್ನು ಮಾಡಿ. ತಿಂಗಳ ಇಪ್ಪತ್ತನೆಯ ದಿನಕ್ಕೊಮ್ಮೆ ಮೀಟರು ಓದಿ. 140ರ ಮೇಲಿದ್ದರೆ ಉಳಿದ ಹತ್ತು ದಿನ ಸ್ಕೂಟರನ್ನು ಹೊರಗಡೆ ತುಂಬಿಸುವುದೇ ಅಗ್ಗವಾದೀತು, ಯೂನಿಟ್ಟಿಗೆ ಮೂರುಪಟ್ಟು ಕೊಟ್ಟರೂ. ಎರಡು ಕಿಲೋವ್ಯಾಟಿನ ಗೀಸರು ದಿನಕ್ಕೊಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್ಟು, ಅದು ಎರಡು ಸ್ಕೂಟರಿನ ಹೊಟ್ಟೆ. ಹೊಸ ಕಟ್ಟಡಗಳಿಗೆ ಸೌರ ನೀರಿನ ಹಂಡೆ ಕಡ್ಡಾಯವೆಂದು 2007ರಲ್ಲೇ ಸರ್ಕಾರಿ ಆಜ್ಞೆಯಾಗಿದೆ. ತಾರಸಿಯ ಮೇಲೆ ಹಂಡೆ ಇದ್ದೂ ಅದರ ಕೊಳವೆ ಮಾಲೀಕರ ಮನೆಗೆ ಮಾತ್ರ ಇಳಿದಿರುವ ಕಟ್ಟಡಗಳನ್ನು ನಾವು ಬಸವೇಶ್ವರನಗರದ ಒಂದೇ ಅಡ್ಡರಸ್ತೆಯಲ್ಲಿ ನಾಲ್ಕು ಎಣಿಸಿದೆವು. ಬಿಸಿಲನ್ನು ಹಿಡಿದಿಡುವುದಕ್ಕೆ ಕಾಸಿದ ನೀರಿಗಿಂತ ಅಗ್ಗದ ಬ್ಯಾಟರಿ ಇನ್ನೂ ಹುಟ್ಟಿಲ್ಲ. ಬಾಡಿಗೆ ಕರಾರು ಹೊಸದಾಗುವಾಗ ಆ ಕೊಳವೆಯ ಮಾತನ್ನೂ, ಕೆಳಗೊಂದು ಭದ್ರವಾದ ಪ್ಲಗ್ಗಿನ ಮಾತನ್ನೂ ಬರವಣಿಗೆಯಲ್ಲಿ ಸೇರಿಸಿ ಎಂದು ಕೇಳಿ. ಒಬ್ಬರೇ ಕೇಳಿದರೆ ಮನೆ ಖಾಲಿ ಮಾಡಿ ಎಂದಾರು; ಬೀದಿಯವರೆಲ್ಲ ಕೇಳಿದರೆ ಹಾಗೆನ್ನುವುದು ಕಷ್ಟ.

ದರ ಗೊತ್ತುಮಾಡುವ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಇರುವುದು ಇಲ್ಲಿಂದ ಹತ್ತು ಕಿಲೋಮೀಟರು ಒಳಗೆ, ವಸಂತನಗರದಲ್ಲಿ. ದರ ಬದಲಾಯಿಸುವ ಮುಂಚೆ ಜನರ ಆಕ್ಷೇಪಣೆ ಕೇಳಲೇಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯಿದೆಯಲ್ಲೇ ಇದೆ. ಅಲ್ಲಿಗೆ ಕಾರ್ಖಾನೆಯವರು ವಕೀಲರನ್ನೂ ಲೆಕ್ಕಿಗರನ್ನೂ ಕರೆದುಕೊಂಡು ಬರುತ್ತಾರೆ. ಬಾಡಿಗೆದಾರರು ಬರುವುದಿಲ್ಲ, ಬರಬಹುದೆಂದು ಅವರಿಗೆ ಯಾರೂ ಹೇಳಿಲ್ಲ. ನಾವು ಮೂರು ಅರ್ಜಿ ಬರೆಯುತ್ತಿದ್ದೇವೆ: ಇನ್ನೂರರ ಗೆರೆಯಲ್ಲಿ ಮೆಟ್ಟಿಲು ಬೇಕು, ದುಡಿಮೆಯ ವಾಹನದ ಯೂನಿಟ್ಟುಗಳು ಗೃಹಜ್ಯೋತಿಯ ಲೆಕ್ಕಕ್ಕೆ ಸೇರಬಾರದು, ಮನೆಗಳಿಗೆ ಹೊತ್ತಿನ ದರ ತರುವುದಾದರೆ ಹಗಲಿನ ರಿಯಾಯಿತಿ ಮೊದಲು ಬರಲಿ, ಸಂಜೆಯ ಏರಿಕೆ ಬಡಾವಣೆಯ ಬ್ಯಾಟರಿ ನಿಂತ ಮೇಲೆ.

ಅರ್ಜಿಗೆ ನಮ್ಮ ಮಾತು ಸಾಲದು, ನಿಮ್ಮ ಬಿಲ್ಲು ಬೇಕು. ಯಾವ ತಿಂಗಳು ಇನ್ನೂರು ದಾಟಿತು, ಎಷ್ಟು ಕಟ್ಟಿದಿರಿ, ಸ್ಕೂಟರು ಯಾವಾಗ ಬಂತು, ಮಾಲೀಕರು ಯೂನಿಟ್ಟಿಗೆ ಎಷ್ಟು ತೆಗೆದುಕೊಳ್ಳುತ್ತಾರೆ. ಮಾಲೀಕರ ಹೆಸರು ಬೇಡ, ಅಂಕಿ ಸಾಕು. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇದೇ ಜಾಗದಲ್ಲಿ ಮೇಜು ಹಾಕಿ ಕುಳಿತಿರುತ್ತೇವೆ. ಹಿಂದಿನ ಆರು ತಿಂಗಳ ಬಿಲ್ಲು ತನ್ನಿ. ಬಿಲ್ಲು ಕಳೆದುಹೋಗಿದ್ದರೆ ಮೀಟರಿನ ಸಂಖ್ಯೆ ತನ್ನಿ. ಲೆಕ್ಕ ಬರುವ ಹುಡುಗರಿದ್ದರೆ ಅವರನ್ನೂ ಕರೆತನ್ನಿ, ನಲ್ಲಿ-ತೊಟ್ಟಿಯ ಲೆಕ್ಕ ಬಂದರೆ ಸಾಕು.